ಡಿಪೋ ಇಲ್ಲದ ಡಿಪೋ ಸ್ಟಾಪು

ನಮ್ಮೂರ ಸ್ಟಾಪಿಗೆ ಡಿಪೋ ಅಂತ ಹೆಸರು. ಭದ್ರಾವತಿಯಿಂದ ಕಾಡಿನ ಕಡೆ ಬರುವ ಬಸ್ಸಿನಲ್ಲಿ ಕಂಡಕ್ಟರು "ಡಿಪೋ, ಯಾರ್ರೀ ಡಿಪೋ" ಅಂತ ಕೂಗಿದರೆ ನಾವು ಐದಾರು ಜನ ಚೀಲ ಹುಡುಕಿಕೊಂಡು ಏಳುತ್ತೇವೆ. ಇಳಿದರೆ ಅಲ್ಲಿ ಒಂದು ಹಲಸಿನ ಮರ, ಒಂದು ಟೀ ಅಂಗಡಿ, ಒಂದು ಹಾಲಿನ ಡೈರಿ. ಡಿಪೋ ಮಾತ್ರ ಇಲ್ಲ. ಕೆಲವು ವರ್ಷದ ಹಿಂದೆ ಬಯಲುಸೀಮೆಯಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು, ಬಸ್ ಡಿಪೋ ಇದೆ ಅಂದರೆ ದೊಡ್ಡ ಊರೇ ಇರಬೇಕು ಅಂದುಕೊಂಡು ಹೆಂಡತಿ, ಎರಡು ಟ್ರಂಕು, ಗ್ಯಾಸ್ ಸಿಲಿಂಡರ್ ಸಮೇತ ಇಳಿದಿದ್ದರು. ಬಸ್ಸು ಹೋದ ಮೇಲೆ ಹಲಸಿನ ಮರದ ಕೆಳಗೆ ನಿಂತು ಸುತ್ತ ನೋಡಿದ ಅವರ ಮುಖ ಹೇಗಿತ್ತು ಅನ್ನುವುದು ಟೀ ಅಂಗಡಿಯಲ್ಲಿ ಇವತ್ತಿಗೂ ಕತೆ.

ಹೋದ ವರ್ಷ ರಸ್ತೆ ಅಗಲ ಮಾಡಿದರು. ಹಳೇ ಸಿಮೆಂಟ್ ಬೆಂಚು ಹೋಯಿತು, ಹೊಸ ತಂಗುದಾಣ ಬಂತು. ಪಂಚಾಯ್ತಿ ಮೆಂಬರು ನನಗೆ ಸಂಬಂಧದಲ್ಲಿ ಭಾವ ಆಗಬೇಕು. ಒಂದು ಸಂಜೆ ನನ್ನನ್ನು ನಿಲ್ಲಿಸಿಕೊಂಡು, "ನೀನು ಬರೆಯೋನಲ್ವಾ ಮಾರಾಯ? ಈ ಕಡೆ ಗೋಡೆ ಖಾಲಿ ಇದೆ. ಜಾಹೀರಾತಿನೋರು ಬಂದು ಬಳಿಯೋಕೆ ಮುಂಚೆ ಡಿಪೋ ಅಂತ ಹೆಸರು ಯಾಕೆ ಬಂತು ಅಂತ ನಾಲ್ಕು ಸಾಲು ಬರ್ಕೊಡು" ಅಂದರು. ಜಾಗ ನಾಲ್ಕಡಿ ಉದ್ದ, ಮೂರಡಿ ಎತ್ತರ. ಪೇಂಟರ್ ಹುಡುಗ ಗೋಡೆಗೆ ಗೇಣು ಹಾಕಿ ನೋಡಿ, ನಲವತ್ತು ಪದ ದಾಟಬಾರದು ಅಂದ. ನಾನು ಉಡಾಫೆಯಲ್ಲಿ "ಅಷ್ಟೇ ತಾನೇ, ನಾಳೆ ಕೊಡ್ತೀನಿ" ಅಂದೆ. ಅದಾಗಿ ಎಂಟು ತಿಂಗಳಾಯಿತು.

ನಲವತ್ತು ಪದ ಬರೆಯಲು ಎಂಟು ತಿಂಗಳು ಯಾಕೆ ಬೇಕಾಯಿತು ಅನ್ನುವುದೇ ಈ ಬರಹ.

ಕಲ್ಲಿಗೆ ಬರ ಇಲ್ಲದ ಜಿಲ್ಲೆ

ಬರೆದು ನಿಲ್ಲಿಸುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ತಾಳಗುಂದ, ಬಳ್ಳಿಗಾವಿ ಕಡೆ ಹೋದರೆ ಕಾಲಿಗೊಂದು ಶಾಸನ ಸಿಗುತ್ತದೆ. ಸಂಸ್ಥಾನದ ಶಾಸನಗಳನ್ನೆಲ್ಲ ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಸಾಹೇಬರು ಶಿವಮೊಗ್ಗ ಜಿಲ್ಲೆಯೊಂದರ ಶಾಸನಗಳಿಗೇ ಎರಡು ಸಂಪುಟ ಮಾಡಬೇಕಾಯಿತು, 1902ರಲ್ಲಿ ಒಂದು, 1904ರಲ್ಲಿ ಇನ್ನೊಂದು. ನಮ್ಮೂರ ಮಾರಿಗುಡಿಯ ಹಿಂದೆಯೂ ಒಂದು ವೀರಗಲ್ಲು ವಾಲಿಕೊಂಡು ನಿಂತಿದೆ. ಕೆಳಗಿನ ಪಟ್ಟಿಯಲ್ಲಿ ದನ, ಬಿಲ್ಲು ಹಿಡಿದವನು, ಬಿದ್ದವನು. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ತುದಿಯಲ್ಲಿ ಲಿಂಗ, ಅಕ್ಕಪಕ್ಕ ಸೂರ್ಯ ಚಂದ್ರ. ಚಿಕ್ಕವರಿದ್ದಾಗ ನಾವು ಅದರ ಮೇಲೆ ಹುಣಸೆಬೀಜ ಉಜ್ಜಿ ಬಿಸಿ ಮಾಡಿ ಒಬ್ಬರಿಗೊಬ್ಬರು ಚುರುಕು ಮುಟ್ಟಿಸುತ್ತಿದ್ದೆವು. ಆ ವೀರ ಎಷ್ಟು ಸಲ ನಮ್ಮ ಕೈಗೆ ಸಿಕ್ಕಿ ಸವೆದನೋ.

ಈಗಿನ ಕಲ್ಲುಗಳೂ ಕಮ್ಮಿ ಇಲ್ಲ. ಕರಿ ಗ್ರಾನೈಟು, ಹೊನ್ನಿನ ಬಣ್ಣದ ಅಕ್ಷರ, ಶಂಕುಸ್ಥಾಪನೆ, ಲೋಕಾರ್ಪಣೆ. ನಮ್ಮ ನೀರಿನ ಟ್ಯಾಂಕಿನ ಕಲ್ಲಿನಲ್ಲಿ ಹದಿನೇಳು ಹೆಸರಿವೆ, ನಾನೇ ಎಣಿಸಿದ್ದೇನೆ. ಘನ ಉಪಸ್ಥಿತಿಯಿಂದ ಹಿಡಿದು ಗುತ್ತಿಗೆದಾರರವರೆಗೆ ಎಲ್ಲರೂ ಇದ್ದಾರೆ. ಟ್ಯಾಂಕು ಕಟ್ಟುವಾಗ ಸಾರ್ವೆಯಿಂದ ಬಿದ್ದು ಸೊಂಟ ಮುರಿದುಕೊಂಡವನ ಹೆಸರಿಲ್ಲ. ಟ್ಯಾಂಕು ಸೋರುತ್ತದೆ, ಕಲ್ಲು ಗಟ್ಟಿಯಾಗಿದೆ.

ಹಳೆಯ ಶಾಸನದಲ್ಲೂ ಮೊದಲು ರಾಜನ ಬಿರುದು, ಆಮೇಲೆ ಮಾಂಡಲಿಕನ ಬಿರುದು ಬರುತ್ತದೆ. ಪ್ರೋಟೋಕಾಲ್ ಅವತ್ತೂ ಇತ್ತು, ಸುಮ್ನೆ ಇವತ್ತಿನವರನ್ನು ಬೈಯಬಾರದು. ಆದರೆ ಬಿರುದೆಲ್ಲ ಮುಗಿದ ಮೇಲೆ, ಕೊನೆಗಾದರೂ, ತುರು ಬಿಡಿಸಲು ಹೋಗಿ ಸತ್ತವನ ಹೆಸರು ಬರುತ್ತಿತ್ತು. ಅವನ ಚಿತ್ರವಂತೂ ನಟ್ಟ ನಡುವೆಯೇ ಇರುತ್ತಿತ್ತು. ನಾನು ಬರೆಯಬೇಕಿದ್ದ ನಲವತ್ತು ಪದಕ್ಕೆ ಇವೆರಡರಲ್ಲಿ ಯಾವುದು ಮಾದರಿ ಅಂತ ಮೊದಲ ತಿಂಗಳು ಯೋಚಿಸಿದೆ.

ಬೆಂಕಿಪುರಕ್ಕೆ ಸೌದೆ

ಡಿಪೋ ಅಂದರೆ ಕಾರ್ಖಾನೆಗೆ ಹೋಗುವ ಸೌದೆ, ಇದ್ದಿಲು ಪೇರಿಸುತ್ತಿದ್ದ ಜಾಗ. ಆಮೇಲೆ ಅದೇ ಜಾಗ ನಾಟಾ ಡಿಪೋ ಆಯಿತು, ಆಮೇಲೆ ಅದೂ ಹೋಯಿತು. ಇಷ್ಟು ನಮ್ಮೂರಿನ ದೊಡ್ಡವರಿಗೆಲ್ಲ ಗೊತ್ತು. ಕಾರ್ಖಾನೆ ಅಂದರೆ ಯಾವುದು ಅಂತ ಈ ಕಡೆ ಯಾರೂ ಕೇಳುವುದಿಲ್ಲ. ನಮಗೆ ಕಾರ್ಖಾನೆ ಅಂದರೆ ಒಂದೇ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂದಾಗ ಅದು ನಡುವಿನ ಒಂದು ಸಣ್ಣ ಊರು. 1918ರಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಶುರುಮಾಡುವುದು ಅಂತ ತೀರ್ಮಾನವಾಯಿತು. 1923ರ ಜನವರಿಯಲ್ಲಿ ಮೊದಲ ಬೀಡುಕಬ್ಬಿಣ ಹರಿಯಿತು. ಬೆಂಕಿ ನಿಜವಾಗಿ ಬಂದು ಹೊತ್ತಿದ ಮೇಲೆ ಬೆಂಕಿಯ ಹೆಸರು ಹೋಗಿ ಹೊಳೆಯ ಹೆಸರು ಉಳಿಯಿತು, ನೋಡಿ ತಮಾಷೆ.

ಸಂಸ್ಥಾನದಲ್ಲಿ ಅದಿರಿತ್ತು, ನೀರಿತ್ತು, ಸುಣ್ಣದ ಕಲ್ಲಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ದೂರದಿಂದ ತರಿಸಿದರೆ ಗಿಟ್ಟುವುದಿಲ್ಲ. ಹಾಗಾಗಿ ಕಲ್ಲಿದ್ದಲಿನ ಬದಲು ಕಾಡಿನ ಇದ್ದಿಲಿನಲ್ಲಿ ಕುಲುಮೆ ಉರಿಸುವುದು ಅಂತಾಯಿತು. ಲೆಕ್ಕ ನೋಡಿ. ಒಂದು ಟನ್ ಕಬ್ಬಿಣಕ್ಕೆ ಹತ್ತಿರ ಹತ್ತಿರ ಒಂದು ಟನ್ ಇದ್ದಿಲು ಬೇಕು. ಒಣ ಸೌದೆ ಸುಟ್ಟರೆ ಅದರ ತೂಕದ ಕಾಲು ಭಾಗದಷ್ಟು ಇದ್ದಿಲು ಸಿಕ್ಕರೆ ಹೆಚ್ಚು. ಅಂದರೆ ಒಂದು ಟನ್ ಕಬ್ಬಿಣಕ್ಕೆ ನಾಲ್ಕು ಟನ್ ಒಣ ಮರ. ಅದೂ ಹಗಲು ರಾತ್ರಿ, ಹಬ್ಬ ಹುಣ್ಣಿಮೆ ಅಂತಿಲ್ಲದೆ. ಊದುಕುಲುಮೆ ಒಮ್ಮೆ ಹೊತ್ತಿಸಿದರೆ ಆರಿಸುವ ಹಾಗಿಲ್ಲ, ಆರಿದರೆ ಒಳಗೇ ಗಟ್ಟಿಯಾಗಿ ಕೂರುತ್ತದೆ. ಇದ್ದಿಲಿನಲ್ಲಿ ಗಂಧಕ ಕಮ್ಮಿ ಇರುವುದರಿಂದ ಕಬ್ಬಿಣ ಒಳ್ಳೆಯದೇ ಬರುತ್ತಿತ್ತು. ಕಾರ್ಖಾನೆಯಲ್ಲೇ ಮರವನ್ನು ಮುಚ್ಚಿದ ಹಂಡೆಗಳಲ್ಲಿ ಕಾಯಿಸಿ ಇದ್ದಿಲಿನ ಜೊತೆ ಸ್ಪಿರಿಟ್ಟು, ಟಾರು ಕೂಡ ತೆಗೆಯುತ್ತಿದ್ದರು. ಮರದ ಹೊಗೆಯನ್ನೂ ಬಿಡದೆ ದುಡಿಸಿಕೊಂಡ ಜಾಣತನ ಅದು, ಒಪ್ಪಬೇಕು.

ಅದಿರು ಬಂದದ್ದು ಬಾಬಾಬುಡನ್ ಬೆಟ್ಟದ ಕೆಮ್ಮಣ್ಣುಗುಂಡಿಯಿಂದ. ಅಲ್ಲಿಂದ ತಣಿಗೆಬೈಲಿಗೆ ರೋಪ್‌ವೇ, ಅಲ್ಲಿಂದ ರೈಲು. ಈಗ ಕೆಮ್ಮಣ್ಣುಗುಂಡಿಗೆ ಹೋಗುವವರು ಗುಲಾಬಿ ತೋಟ, ಝಡ್ ಪಾಯಿಂಟು, ಮಂಜು ನೋಡಿಕೊಂಡು ಬರುತ್ತಾರೆ. ಫೋಟೋದ ಕೆಳಗೆ ಹೆಸರು ಹಾಕುವಾಗ 'ಕೆಂಪು ಮಣ್ಣಿನ ಗುಂಡಿ' ಅಂತ ತಾವೇ ಬರೆಯುತ್ತಿದ್ದೇವೆ ಅನ್ನುವುದು ಎಷ್ಟು ಜನರ ತಲೆಗೆ ಹೋಗಿರುತ್ತದೋ. ಅಲ್ಲಿಗೆ ಬೇರೆ ಬೋರ್ಡೇ ಬೇಡ, ಅಲ್ವಾ? ಹೆಸರೇ ಬೋರ್ಡು. ನಮ್ಮ ಡಿಪೋ ಥರ. ಎಡೇಹಳ್ಳಿಗೆ ಈ ಭಾಗ್ಯ ಸಿಗಲಿಲ್ಲ. ಅದು ನರಸಿಂಹರಾಜಪುರ ಆಯಿತು. ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಗಲದ ಹಳಿಯ ಮೇಲೆ ಒಂದು ಪುಟ್ಟ ರೈಲು ಓಡುತ್ತಿತ್ತು ಅಂದರೆ ಈಗ ಆ ದಾರಿಯಲ್ಲಿ ಬೈಕ್ ಓಡಿಸುವ ಹುಡುಗರು ನಂಬುವುದಿಲ್ಲ.

ಇಷ್ಟೆಲ್ಲ ಹುಡುಕಿಕೊಂಡು ಮೊದಲ ಕರಡು ಬರೆದೆ. 1918, ವಿಶ್ವೇಶ್ವರಯ್ಯ, ದೂರದೃಷ್ಟಿ, 1923, ಮಲೆನಾಡಿನ ಕಾಡು, ಎಲ್ಲ ಸೇರಿ ಮೂವತ್ತೊಂಬತ್ತು ಪದ. ಹೆಮ್ಮೆಯಿಂದ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅಡಿಕೆ ಸುಲಿಯುತ್ತಾ ಕೇಳಿಸಿಕೊಂಡು, "ಚೆನ್ನಾಗಿದೆ. ಇದನ್ನ ಭದ್ರಾವತಿ ಬಸ್‌ಸ್ಟ್ಯಾಂಡಿಗೆ ಹಾಕ್ಬೋದು" ಅಂದಳು. ಮೆಟ್ಟುಗತ್ತಿಯಿಂದ ಕಣ್ಣೆತ್ತಲಿಲ್ಲ.

ಅಜ್ಜಯ್ಯ ಉಗುರಿನಲ್ಲಿ ಬಾರಿಸಿದ್ದು

ಅಮ್ಮ ಹಾಗೆ ಅಂದಮೇಲೆ ನೆನಪಾಗಿದ್ದು ಹಿತ್ತಲ ಹಿಂದಿನ ತೋಟದ ಗುಂಡಿ. ನನಗಾಗ ಒಂಬತ್ತೋ ಹತ್ತೋ ವರ್ಷ. ಹೊಸದಾಗಿ ಅಡಿಕೆ ಸಸಿ ಇಡಲು ಅಜ್ಜಯ್ಯ ಆಳು ಹಚ್ಚಿ ಗುಂಡಿ ತೆಗೆಸುತ್ತಿದ್ದರು. ನಮ್ಮ ಕಡೆ ಮಣ್ಣು ಕೆಂಪು. ಒಂದು ಮೂಲೆಯಲ್ಲಿ ಮಾತ್ರ ಗುದ್ದಲಿ ಮೊಳದಷ್ಟು ಇಳಿಯುವ ಹೊತ್ತಿಗೆ ಮಣ್ಣು ಕಪ್ಪಾಯಿತು. ಸುಮಾರು ಒಂದು ಅಂಕಣದಷ್ಟು ಅಗಲಕ್ಕೆ ದುಂಡಗೆ ಕಪ್ಪು. ಒಳಗೆ ಬೆರಳುದ್ದದ ಇದ್ದಿಲಿನ ತುಂಡುಗಳು. ನಾನು ಒಂದನ್ನು ತೆಗೆದು ಬಂಡೆಯ ಮೇಲೆ ಗೀಚಿದೆ, ಚೆನ್ನಾಗಿ ಮೂಡಿತು. ಅಜ್ಜಯ್ಯ ಅದನ್ನು ನನ್ನ ಕೈಯಿಂದ ತಗೊಂಡು, ಪಂಚೆಯಲ್ಲಿ ಒರೆಸಿ, ಕಿವಿ ಹತ್ತಿರ ಹಿಡಿದು ಉಗುರಿನಲ್ಲಿ ಬಾರಿಸಿದರು. ಟಿಣ್ ಅಂತು. ಸಣ್ಣ ಗಂಟೆಯ ಸದ್ದು. "ದಿಂಡಿಗ" ಅಂದರು. ತುಂಡು ಮುರಿದು ತೋರಿಸಿದರು. ಒಳಗೆ ಮರದ ಗೆರೆ ಗೆರೆ ಹಾಗೇ ಇದೆ. ಮರ ಸತ್ತು, ಸುಟ್ಟು, ಮಣ್ಣು ಸೇರಿದ ಮೇಲೂ ಅದು ಯಾವ ಮರ ಅಂತ ಅವರಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಅಜ್ಜಯ್ಯ ಹರೆಯದಲ್ಲಿ ಗಾಡಿ ಹೊಡೆದವರು. ಕಾಡಿನಲ್ಲಿ ಮರ ಕಡಿಯುವ ಕೂಪಿನಿಂದ ಡಿಪೋಗೆ ಸೌದೆ, ಇದ್ದಿಲು ಹೇರುವುದು. ತೇಗ, ಹೊನ್ನೆ, ನಂದಿ ನಾಟಾಕ್ಕೆ ಹೋಗುತ್ತಿತ್ತು, ಉಳಿದದ್ದೆಲ್ಲ ಬೆಂಕಿಗೆ. ಇದ್ದಿಲು ಸುಡುವವರು ಬೇರೆ ಕಡೆಯಿಂದ ಬಂದವರು, ತಮಿಳು ಮಾತಾಡುವವರು ಜಾಸ್ತಿ ಅಂತ ಹೇಳುತ್ತಿದ್ದರು. ಸುಡುವುದು ಅಂದರೆ ಸುಮ್ನೆ ಬೆಂಕಿ ಕೊಡುವುದಲ್ಲ. ಸೌದೆಯನ್ನು ನಿಲ್ಲಿಸಿ ದುಂಡಗೆ ಗೂಡು ಕಟ್ಟಬೇಕು, ಮೇಲೆ ಸೊಪ್ಪು ಹೊದಿಸಿ ಮಣ್ಣು ಮೆತ್ತಬೇಕು. ನಡುವಿನ ತೂತಿನಿಂದ ಕೆಂಡ ಹಾಕಿ ಬಾಯಿ ಮುಚ್ಚಬೇಕು. ಆಮೇಲೆ ಕಾಯುವುದೇ ಕೆಲಸ. ಮೊದಲು ದಟ್ಟ ಬಿಳಿ ಹೊಗೆ, ಅದು ಮರದ ನೀರು. ದಿನ ಕಳೆದಂತೆ ಹೊಗೆ ತೆಳುವಾಗಿ ನೀಲಿಗೆ ತಿರುಗಿದರೆ ಬೆಂದಿದೆ ಅಂತ. ಈ ನಡುವೆ ಎಲ್ಲಾದರೂ ಮಣ್ಣು ಬಿರಿದು ಗಾಳಿ ಹೊಕ್ಕರೆ ಮುಗಿಯಿತು, ಬೆಳಗಾಗುವುದರಲ್ಲಿ ಇದ್ದಿಲಿನ ಬದಲು ಬೂದಿ. ಹಾಗಾಗಿ ರಾತ್ರಿಯೆಲ್ಲ ಒಬ್ಬರು ಹಸಿ ಮಣ್ಣಿನ ಮುದ್ದೆ ಹಿಡಿದು ಗೂಡಿನ ಸುತ್ತ ತಿರುಗುತ್ತಿರಬೇಕು. ಬಿರುಕು ಮುಚ್ಚಲು ಗೂಡಿನ ಮೇಲೆ ಹತ್ತಿದವನೊಬ್ಬ ಕುಸಿದು ಒಳಗೆ ಹೋದದ್ದೂ ಉಂಟು ಅಂತ ಅಜ್ಜಯ್ಯ ಒಂದೇ ಒಂದು ಸಲ ಹೇಳಿದ್ದರು. ಹೆಸರು ಕೇಳಿದೆ. "ಎಂತದೋ ಇತ್ತು" ಅಂದು ಗುಂಡಿಯ ಕಡೆ ತಿರುಗಿದರು.

ಅವನಿಗೆ ವೀರಗಲ್ಲು ಯಾರೂ ನಿಲ್ಲಿಸಲಿಲ್ಲ. ಆ ದುಂಡನೆ ಕಪ್ಪು ಮಣ್ಣಿನಲ್ಲಿ ಇಟ್ಟ ಹನ್ನೆರಡು ಅಡಿಕೆ ಮರ ಮಾತ್ರ ತೋಟದಲ್ಲೇ ಎಲ್ಲಕ್ಕಿಂತ ಸೊಗಸಾಗಿ ಬಂದಿವೆ. ಕೊನೆ ತೆಗೆಯುವವರು ಈಗಲೂ ಅವಕ್ಕೆ 'ಡಿಪೋ ಮರ' ಅನ್ನುತ್ತಾರೆ.

ಎರಡನೇ ಕರಡು ಈ ಸಿಟ್ಟಿನಲ್ಲಿ ಬರೆದದ್ದು. ಮೊದಲ ಸಾಲೇ "ಇಲ್ಲಿ ದಟ್ಟ ಕಾಡಿತ್ತು" ಅಂತ ಇಟ್ಟೆ. ಭಾವ ಓದಿ ಬೆಚ್ಚಿಬಿದ್ದರು. "ಎಂತ ಬರ್ದಿದೀಯ ಮಾರಾಯ? ಊರಿನೋರ ಬಗರ್ ಹುಕುಂ ಅರ್ಜಿ ಇನ್ನೂ ಬಾಕಿ ಇದೆ. ಇಲ್ಲಿ ಕಾಡಿತ್ತು ಅಂತ ನಾವೇ ಗೋಡೆ ಮೇಲೆ ಬರ್ಕೊಂಡ್ರೆ ನಾಳೆ ಫಾರೆಸ್ಟಿನೋರು ಫೋಟೋ ತಗೊಂಡು ಫೈಲಿಗೆ ಹಾಕ್ತಾರೆ."

ನಾನು ನಕ್ಕೆ. ಅವರು ನಗಲಿಲ್ಲ. ಮನೆಗೆ ಬಂದ ಮೇಲೆ ನನಗೂ ನಗು ಬರಲಿಲ್ಲ. ಎಂಟು ತಿಂಗಳಲ್ಲಿ ನಾನು ಕೇಳಿದ ಮಾತುಗಳಲ್ಲಿ ಅದೇ ಹೆಚ್ಚು ತೂಕದ್ದು. ನಮ್ಮಲ್ಲಿ ರಸ್ತೆ ಬದಿ ಇತಿಹಾಸದ ಬೋರ್ಡು ಇಲ್ಲ, ಜನಕ್ಕೆ ಆಸಕ್ತಿ ಇಲ್ಲ ಅಂತ ನಾನು ಎಷ್ಟು ಸಲ ಗೊಣಗಿದ್ದೇನೋ. ಆಸಕ್ತಿ ಇಲ್ಲ ಅಂತಲ್ಲ. ಬೋರ್ಡು ಬರೆಯುವುದು ಮುಗಿದು ಹೋದದ್ದಕ್ಕೆ. ಇಲ್ಲಿ ಯಾವುದೂ ಮುಗಿದಿಲ್ಲ. ಯಾವ ಬಾಂದುಕಲ್ಲು ಯಾವಾಗ ಎಲ್ಲಿತ್ತು ಅನ್ನುವುದು ನಮಗೆ ಇತಿಹಾಸವಲ್ಲ, ವಾಯಿದೆ.

ನೀರಿನಿಂದ ಎದ್ದ ಅಣೆಕಟ್ಟು

ಇದ್ದಿಲಿನ ಕತೆ ಇದ್ದಿಲಿಗೇ ನಿಲ್ಲಲಿಲ್ಲ. ಕಾಡು ದೂರ ಹೋದಂತೆ ಸೌದೆಯೂ ದೂರವಾಯಿತು. 1952ರಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆ ಬಂತು. ಕರೆಂಟು ಎಲ್ಲಿಂದ? ಜೋಗದಿಂದ. ಅಲ್ಲಿ 1948ರಲ್ಲಿ ವಿದ್ಯುತ್ ಕೇಂದ್ರ ಶುರುವಾಗಿತ್ತು, ಅದಕ್ಕೆ ನೀರು ಕೂಡಿಡಲು ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು. ಕಾಡು ಮಾಡುತ್ತಿದ್ದ ಕೆಲಸದ ಒಂದು ಪಾಲು ಹೊಳೆಯ ಹೆಗಲಿಗೆ ಬಂತು. ಆಮೇಲೆ ಅದೂ ಸಾಲದೆ 1964ರಲ್ಲಿ ಲಿಂಗನಮಕ್ಕಿ. ಹಿರೇಭಾಸ್ಕರವೇ ಅದರ ಹಿನ್ನೀರಿನಲ್ಲಿ ಮುಳುಗಿತು. ಬರೀ 16 ವರ್ಷ ಬಾಳಿದ ಅಣೆಕಟ್ಟು.

ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಎದ್ದು ಕಾಣುತ್ತದೆ. ಅಂಥ ಒಂದು ಬೇಸಿಗೆಯಲ್ಲಿ ಸಾಗರದ ನನ್ನ ಷಡ್ಡಕನ ಜೊತೆ ಹೋಗಿದ್ದೆ. ಬಿರಿದ ಕೆಸರಿನ ಮೇಲೆ ಬೈಕುಗಳ ಜಾತ್ರೆ. ಚುರುಮುರಿ ಗಾಡಿ, ಕಲ್ಲಂಗಡಿ, ಐಸ್‌ಕ್ರೀಮು. ಅಣೆಕಟ್ಟಿನ ಗೋಡೆ ಮೇಲೆ ಹುಡುಗರು ಸೆಲ್ಫಿ ತೆಗೆಯುತ್ತಿದ್ದರು. ಅರ್ಧ ಶತಮಾನ ನೀರಲ್ಲಿ ಮುಳುಗಿ ಎದ್ದರೂ ಗೋಡೆ ಮಾತ್ರ ನಿನ್ನೆ ಮೊನ್ನೆ ಕಟ್ಟಿದ ಹಾಗಿದೆ. ನನ್ನ ಷಡ್ಡಕ ಇಂಜಿನಿಯರು. ಅವನು ಸೈಫನ್ನುಗಳ ಹತ್ತಿರ ಹೋಗಿ, ಗೇಟು ಎತ್ತುವ ಕೆಲಸವೇ ಇಲ್ಲದೆ ನೀರು ಮೇಲೇರಿದಾಗ ತಾನಾಗಿ ಎಳೆದು ಹೊರಹಾಕುವ ಜಾಣ್ಮೆಯನ್ನು ಅರ್ಧ ಗಂಟೆ ವಿವರಿಸಿದ. ನಾನು ನೋಡುತ್ತಿದ್ದದ್ದು ಬೊಡ್ಡೆಗಳನ್ನು. ಹಿನ್ನೀರಿನ ತುಂಬ ಒಣಗಿದ ಮರದ ಬೊಡ್ಡೆಗಳು, ಎಲೆ ಇಲ್ಲ, ತೊಗಟೆ ಇಲ್ಲ, ಮುಳುಗಿದಾಗ ನಿಂತಲ್ಲೇ ನಿಂತಿವೆ.

ಒಂದು ಬೊಡ್ಡೆಯ ಬುಡದಲ್ಲಿ ವಯಸ್ಸಾದವರೊಬ್ಬರು ಕವಳ ಹಾಕುತ್ತಾ ಕೂತಿದ್ದರು. ಮಗ ಕರೆದುಕೊಂಡು ಬಂದಿದ್ದನಂತೆ, ಅವನು ಆ ಕಡೆ ಸೆಲ್ಫಿಯವರ ಜೊತೆ. "ನಿಮ್ದು ಈ ಕಡೇನಾ ಅಯ್ಯ?" ಅಂದೆ. "ಇದೇ ಕಡೆ" ಅಂದರು. ಕೈ ತೋರಿಸಿದ್ದು ನೀರಿನ ಕಡೆಗೆ. ಮುಳುಗಡೆಯಾದಾಗ ಅವರಿಗೆ ಹದಿಮೂರು ವರ್ಷ. ಲಾರಿಯಲ್ಲಿ ಪಾತ್ರೆ, ದನ, ಒರಳುಕಲ್ಲು ಹೇರಿಕೊಂಡು ಹೋಗಿ ಇನ್ನೊಂದು ಕಾಡಿನಲ್ಲಿ ಇಳಿದದ್ದು. "ಒರಳುಕಲ್ಲು ಭಾರ ಅಂತ ಲಾರಿಯೋನು ಇಳಿಸಕ್ಕೆ ನೋಡ್ದ. ಅವ್ವ ಅದ್ರ ಮೇಲೇ ಕೂತ್ಲು, ಶಿವಮೊಗ್ಗ ಬರೋವರ್ಗೂ ಏಳ್ಲಿಲ್ಲ." ಜಾಗದ ಹಕ್ಕುಪತ್ರ ಆಯಿತಾ ಅಂತ ಕೇಳಿದೆ. ಅವರು ಪಕ್ಕಕ್ಕೆ ಉಗಿದು, "ಕಾಗದ ಬರ್ತದೆ ಅಂತಾರೆ ತಮಾ" ಅಂದರು. ಅರವತ್ತು ವರ್ಷ ಕಳೆದ ಮೇಲೂ ಅವರ ಮಾತಿನಲ್ಲಿ 'ಬರ್ತದೆ' ಇದೆ, 'ಬಂತು' ಇಲ್ಲ.

ಅಲ್ಲಿಂದ ಮೇಲೆ ನನ್ನ ಕರಡಿನ ಕ್ರಿಯಾಪದಗಳೇ ನನಗೆ ಕಾಟ ಕೊಡಲು ಶುರುಮಾಡಿದವು. ಇತ್ತು, ಆಗಿತ್ತು, ಹೋಗುತ್ತಿತ್ತು. ಭದ್ರಾವತಿಯ ಕಾರ್ಖಾನೆಯನ್ನೇ ತಗೊಳ್ಳಿ. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ಕೈ ಸೇರಿತು, 2023ರಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು, ಕಾರ್ಮಿಕರು ಗೇಟಿನ ಮುಂದೆ ಕೂತರು. ಅದನ್ನು 'ಇದೆ' ಅನ್ನಲೋ 'ಇತ್ತು' ಅನ್ನಲೋ? ಭದ್ರಾವತಿಯಲ್ಲಿ ಹಾಗೆ 'ಇತ್ತು' ಅಂದು ನೋಡಿ, ನಿಮಗೆ ಟೀ ಕೊಡುವುದಿಲ್ಲ. 1936ರಲ್ಲಿ ಶುರುವಾದ ಕಾಗದದ ಕಾರ್ಖಾನೆ ನಿಂತುಹೋಗಿದೆ, ಅದಕ್ಕೆಂದು ನೆಟ್ಟ ಅಕೇಶಿಯಾ ಮಾತ್ರ ನಮ್ಮ ಗುಡ್ಡಗಳ ಮೇಲೆ ಬೆಳೆಯುತ್ತಲೇ ಇದೆ.

ಮೂರನೇ ಕರಡು

ಕೊನೆಗೆ ಹೋದ ವಾರ ಎಲ್ಲ ಹೊಡೆದು ಹಾಕಿ ಬರೆದೆ. ವಿಶ್ವೇಶ್ವರಯ್ಯನವರು ಇಲ್ಲ. ಅವರಿಗೆ ಬೇಕಾದಷ್ಟು ಕಡೆ ಕಲ್ಲಿದೆ, ಬೇಜಾರಾಗಲಿಕ್ಕಿಲ್ಲ. ಇಸವಿ ಇಲ್ಲ. ಕಾಡು ಅನ್ನುವ ಪದ ಇಲ್ಲ, ಭಾವನಿಗೋಸ್ಕರ. ಸತ್ತವನ ಹೆಸರು ಗೊತ್ತಿದ್ದರೆ ಅದೊಂದೇ ಸಾಕಿತ್ತು. ಉಳಿದದ್ದು ಇಷ್ಟು: "ಡಿಪೋ. ಭದ್ರಾವತಿ ಕಾರ್ಖಾನೆಗೆ ಹೋಗುವ ಸೌದೆ, ಇದ್ದಿಲು ಇಲ್ಲಿ ತೂಗುತ್ತಿದ್ದರು. ಸುಟ್ಟವರು, ಹೊತ್ತವರು, ಗಾಡಿ ಹೊಡೆದವರು ಬಹಳ ಜನ. ಇಲ್ಲಿ ಅಗೆದರೆ ಈಗಲೂ ಇದ್ದಿಲು ಸಿಗುತ್ತದೆ."

ಭಾವ ಎರಡು ಸಲ ಓದಿದರು. ಫೈಲಿಗೆ ಹೋಗುವಂಥದ್ದು ಎಂತದೂ ಕಾಣದೆ ಸಮಾಧಾನವಾಯಿತು ಅಂತ ಕಾಣುತ್ತದೆ. "ಕೆಳಗೆ ಪಂಚಾಯ್ತಿ ಹೆಸರು ಸಣ್ಣಕೆ ಹಾಕ್ಸೋಣ" ಅಂದರು. ಸಣ್ಣಕೆ ಅಂದದ್ದಕ್ಕೆ ಅವರ ಮೇಲೆ ಗೌರವ ಬಂತು.

ನಿನ್ನೆ ಪೇಂಟರ್ ಹುಡುಗ ಬಿಳಿ ಹೊಡೆದು, ದಾರ ಹಿಡಿದು ಗೆರೆ ಎಳೆದುಕೊಂಡು ಫೋನ್ ಮಾಡಿದ. ನಾನು ಬರೆದ ಚೀಟಿ ಕೈಯಲ್ಲಿದೆ, ಆದರೂ ಅನುಮಾನ.

"ಅಣ್ಣಾ, ಇದ್ದಿಲು ಅಂತ ಬರ್ದಿದೀರ. ಇದ್ದಲು ಅಲ್ವಾ?"

"ಎರಡೂ ನಡಿತದೆ ಕಣೋ."

"ಎರಡೂ ಹೆಂಗಣ್ಣ ಬರೀಲಿ? ಒಂದು ಹೇಳಿ."

"ನಿಮ್ಮಮ್ಮ ಎಂತ ಅಂತಾರೆ?"

"ಅಮ್ಮ ಇದ್ಲು ಅಂತಾಳೆ."

"ಹಂಗೇ ಬರಿ."